ಗೋಲಂದಾಜನ ಪೋಷಾಕು

ಕುಲಗೋಡ ತಮ್ಮಣ್ಣನು ಮೆರೆಸಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬಲ್ಲ ಈ ಸೀಮೆಯ ಜನರಿಗೆ ವೇಷದ ಮಹಿಮೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸೈನ್ಯದ ಕವಾಯತಿನ ಬೈಲೂ ಒಂದು ರಂಗವೇ ಸರಿ. ಅಲ್ಲಿ ಒಂದು ಗುಂಡಿ ತಪ್ಪಿದರೂ ಸಿಪಾಯಿಗೆ ಶಿಕ್ಷೆ. ಆದರೆ ರಣಾಂಗಣದಲ್ಲಿ, ತೋಪಿನ ಬದಿಯಲ್ಲಿ ನಿಂತವನಿಗೆ ಪೋಷಾಕಿನ ನಿಯಮಗಳು ಎಷ್ಟರ ಮಟ್ಟಿಗೆ ನಡೆದವು? ಈ ಪ್ರಶ್ನೆಯು ಸೈನಿಕರಿಗಿಂತ ಆಳುವವರಿಗೇ ಹೆಚ್ಚು ಬೋಧಪ್ರದವಾಗಿದೆ.

ಇಂಗ್ಲಿಷರ ತೋಪಖಾನೆಯ ಪೋಷಾಕು ಮೊದಲು ನೀಲಿಯದು. ನಮ್ಮ ಬಿಸಿಲಿಗೂ ಧೂಳಿಗೂ ಅದು ಒಗ್ಗುವಂತಿರಲಿಲ್ಲ. 1857ರಲ್ಲಿ ದಂಡುಗಳು ತಮ್ಮ ಬಿಳಿಯ ಬಟ್ಟೆಗಳನ್ನೇ ಮಣ್ಣಿನ ಬಣ್ಣದಲ್ಲಿ ಅದ್ದಿಕೊಂಡು ಕಾದಿದವು. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆಯ ಕಾರ್ಖಾನೆಯು ಖಾಕಿ ಬಟ್ಟೆಗೆ ಹೆಸರಾದುದು ಸರ್ವವಿದಿತವೇ. ಸಿಪಾಯಿಗಳು ಮೊದಲು ಅವಶ್ಯಕತೆಯಿಂದ ಮಾಡಿಕೊಂಡುದನ್ನು ನಿಯಮವು ಹಲವು ವರ್ಷಗಳ ಮೇಲೆ ಒಪ್ಪಿಕೊಂಡಿತು.

ಎರಡನೆಯ ಮಹಾಯುದ್ಧದ ಇಪ್ಪತ್ತೈದು ಪೌಂಡಿನ ತೋಪಿಗೆ ಆರು ಜನ. ಒಬ್ಬನು ನಾಯಕ, ಒಬ್ಬನು ತೋಪಿನ ಬಾಯಿ ತೆರೆದು ಮುಚ್ಚುವವನು, ಒಬ್ಬನು ಗುರಿ ಹಿಡಿಯುವವನು, ಒಬ್ಬನು ಗುಂಡು ತುಂಬುವವನು, ಉಳಿದಿಬ್ಬರು ಮದ್ದುಗುಂಡು ಒದಗಿಸುವವರು. ಹನ್ನೊಂದು ಕಿಲೋ ತೂಕದ ಗುಂಡುಗಳನ್ನು ತಾಸುಗಟ್ಟಲೆ ಎತ್ತುವವರು ಅಂಗಿಯನ್ನು ಕಳಚಿ ಚಡ್ಡಿ-ಬೂಟಿನಲ್ಲಿಯೇ ದುಡಿದರು. ಆಫ್ರಿಕದ ಮರುಭೂಮಿಯಲ್ಲಿಯೂ ಬ್ರಹ್ಮದೇಶದ ಕಾಡಿನಲ್ಲಿಯೂ ಇದು ನಿತ್ಯದ ನೋಟವಾಗಿದ್ದಿತು. ಆದರೆ ಆ ಆರು ಜನರಲ್ಲಿ ಒಬ್ಬನಾದರೂ ತನ್ನ ಸ್ಥಾನವನ್ನಾಗಲಿ ಸರದಿಯನ್ನಾಗಲಿ ತಪ್ಪುವಂತಿರಲಿಲ್ಲ. ಅಂಗಿಯು ಸಡಿಲಿತು, ಶಿಸ್ತು ಸಡಿಲಲಿಲ್ಲ.

ಅದೇ ಬ್ರಹ್ಮದೇಶದಲ್ಲಿ ಸಂಜೆಯಾದೊಡನೆ ತೋಳುಗಳನ್ನು ಇಳಿಸಿ ಮೈಮುಚ್ಚಿಕೊಳ್ಳಬೇಕೆಂಬ ಕಟ್ಟಪ್ಪಣೆಯಿದ್ದಿತು. ಕಾರಣವು ಮಲೇರಿಯ. 1943ರಲ್ಲಿ ಗಾಯಾಳು ಒಬ್ಬನಿಗೆ ರೋಗಿಗಳು ನೂರಿಪ್ಪತ್ತು ಜನರಂತೆ ಹಿಂದಕ್ಕೆ ಸಾಗಿಸಬೇಕಾಯಿತೆಂದು ಸೇನಾಪತಿ ಸ್ಲಿಮ್ಮನೇ ಬರೆದಿಟ್ಟಿರುವನು. ಹಗಲು ಅಂಗಿ ತೆಗೆದವನನ್ನು ಕಂಡೂ ಕಾಣದಂತಿದ್ದ ಅಧಿಕಾರಿಯು ಸಂಜೆ ತೋಳು ಮಡಿಚಿದವನನ್ನು ಬಿಡುವಂತಿರಲಿಲ್ಲ. ಯಾವ ನಿಯಮದಲ್ಲಿ ಪ್ರಾಣರಕ್ಷಣೆಯಿದ್ದಿತೋ ಅದು ಬಿಗಿಯಾಯಿತು. ಬರಿಯ ಶೋಭೆಯಿದ್ದುದು ತಾನಾಗಿ ಕಳಚಿತು.

ಈ ವಿವೇಕವನ್ನು ಮರೆತುದರ ಫಲವನ್ನು 1806ರಲ್ಲಿ ವೆಲ್ಲೂರು ಕಂಡಿತು. ಮದರಾಸಿನ ದಂಡಾಧಿಪತಿ ಕ್ರ್ಯಾಡಕ್ಕನ ಕಾಲದಲ್ಲಿ ಸಿಪಾಯಿಗಳಿಗೆ ಹೊಸ ಮಾದರಿಯ ರುಮಾಲು ಬಂದಿತು. ಹಣೆಯ ನಾಮ, ವಿಭೂತಿ, ಕಿವಿಯ ಒಂಟಿ, ಗಡ್ಡ ಇವುಗಳಿಗೆ ಕವಾಯತಿನಲ್ಲಿ ನಿಷೇಧವಾಯಿತು. ಜುಲೈ 10ರಂದು ಬಂಡಾಯವೆದ್ದಿತು. ಆರ್ಕಾಟಿನಿಂದ ಧಾವಿಸಿದ ದಂಡು ತೋಪು ಹಾರಿಸಿ ಕೋಟೆಯ ಬಾಗಿಲನ್ನು ಒಡೆಯಿತು. ನೂರಾರು ಸಿಪಾಯಿಗಳು ಹತರಾದರು. ಬಳಿಕ ಹುಕುಮು ರದ್ದಾಯಿತು, ಕ್ರ್ಯಾಡಕ್ಕನನ್ನೂ ಗವರ್ನರ ಬೆಂಟಿಂಕನನ್ನೂ ಮರಳಿ ಕರೆಸಿಕೊಂಡರು. ರಕ್ತ ಹರಿಯುವುದಕ್ಕೆ ಮುಂಚೆ ಈ ಬುದ್ಧಿ ಬರಬಾರದಿತ್ತೇ?

ಇನ್ನೂ ದೊಡ್ಡ ಅನ್ಯಾಯವೊಂದುಂಟು. 1857ರ ತರುವಾಯ ಕಂಪನಿಯ ಹಿಂದೀ ತೋಪಖಾನೆಗಳನ್ನು, ಕೆಲವು ಬೆಟ್ಟದ ತೋಪಖಾನೆಗಳ ಹೊರತು, ಮುರಿದುಬಿಟ್ಟರು. ನಮ್ಮವನ ರುಮಾಲನ್ನೂ ಗುಂಡಿಯನ್ನೂ ಕಣ್ಣಿಟ್ಟು ನೋಡಿದ ಸರಕಾರವು ಅವನ ಕೈಗೆ ಬೈಲುತೋಪನ್ನು ಕೊಡಲು ಅಂಜಿತು. ಕೊನೆಗೆ 1935ರ ಜನವರಿ 15ರಂದು ನಮ್ಮ ಬೆಂಗಳೂರಿನಲ್ಲಿಯೇ ಹಿಂದೀ ಸೈನ್ಯದ ಮೊದಲ ಬೈಲು ತೋಪಖಾನೆಯು ಹುಟ್ಟಿತು. ಮುಕ್ಕಾಲು ಶತಮಾನ ನಂಬಿಕೆಗೆ ಅಪಾತ್ರರೆನಿಸಿದವರ ಆ ದಳವು 1942ರಲ್ಲಿ ಆಫ್ರಿಕದ ಮರಳಿನಲ್ಲಿ ರೊಮೆಲ್ಲನ ಟ್ಯಾಂಕುಗಳನ್ನು ಎದುರಿಸಿತು. ಕೊರತೆಯಿದ್ದುದು ಸಿಪಾಯಿಯ ಶಿಸ್ತಿನಲ್ಲಿ ಅಲ್ಲ, ಆಳುವವರ ವಿಶ್ವಾಸದಲ್ಲಿ.

ಕಚೇರಿಯಲ್ಲಿ ಕುಳಿತು ನಿಯಮ ಬರೆಯುವವರು ಇದನ್ನು ಮನನಮಾಡತಕ್ಕದ್ದು. ಕಾರಣವು ಸ್ಪಷ್ಟವಿರುವ ಅಪ್ಪಣೆಯನ್ನು ಮನುಷ್ಯನು ಗುಂಡಿನ ಮಳೆಯಲ್ಲಿಯೂ ಪಾಲಿಸುವನು. ಕಾರಣವಿಲ್ಲದ್ದನ್ನು ಮೇಲಧಿಕಾರಿಯ ಕಣ್ಣೆದುರಿಗೆ ಮಾತ್ರ ಪಾಲಿಸುವನು. ತನ್ನ ಮಾನಕ್ಕೆ ಕೈಯಿಕ್ಕುವುದನ್ನು ಎಂದಿಗೂ ಸಹಿಸನು.