ಗಿರಣಿ ಬಿಲ್ಲಿನ ‘ಪಿಎಫ್’ ದಂಡ: ಲೆಕ್ಕ ನೀವೇ ಹಾಕಿ ನೋಡಿ

ಹೂವಿನಹಡಗಲಿ: ಮಾಗಳದಲ್ಲಾಗಲಿ ಸುತ್ತಲಿನ ಊರುಗಳಲ್ಲಾಗಲಿ ತ್ರೀ ಫೇಸ್ ಮೋಟಾರ್ ಇಟ್ಟು ಹಿಟ್ಟಿನ ಗಿರಣಿ ನಡೆಸೋರು ಜೆಸ್ಕಾಂ ಬಿಲ್ಲಿನಲ್ಲಿ ‘ಪಿಎಫ್’ ಅಂಕಿ ಮೊದಲು ನೋಡಬೇಕು. ಅದು 0.85ಕ್ಕಿಂತ ಇಳಿದರೆ ಪ್ರತಿ ಯೂನಿಟ್ ಮೇಲೆ ದಂಡ ಬೀಳುತ್ತದೆ.

ಏನಿದು ಪಿಎಫ್? ಮೋಟಾರ್ ಎಳೆಯುವ ಕರೆಂಟೆಲ್ಲಾ ಕಲ್ಲು ತಿರುಗಿಸಲ್ಲ. ಒಂದಿಷ್ಟು ಭಾಗ ಮೋಟಾರಿನೊಳಗೆ ಕಾಂತಶಕ್ತಿ ಹುಟ್ಟಿಸಲು ಹೋಗಿ, ವಾಪಸ್ ಬರುತ್ತದೆ. ನಿಜವಾಗಿ ಕೆಲಸಕ್ಕೆ ಬಂದ ಕಿಲೋವ್ಯಾಟನ್ನು ಒಟ್ಟು ಕೆವಿಎಯಿಂದ ಭಾಗಿಸಿದರೆ ಸಿಗೋದೇ ಪಿಎಫ್.

ಅಳೆಯೋದು ಹೇಗೆ?

ಗಿರಣಿಯೊಂದನ್ನೇ ಒಂದೇ ಸಮ ಓಡಿಸಿ. ಅರ್ಧ ತಾಸಿಗೆ 3 ಯೂನಿಟ್ ಓಡಿದರೆ ಅದು 6 ಕಿಲೋವ್ಯಾಟ್. ಅದೇ ಹೊತ್ತಿಗೆ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಾಕಿ ನೋಡಲಿ. ಮೂರೂ ಫೇಸಿಗೆ ತಲಾ 12 ಆಂಪ್ಸ್, ಎರಡು ಫೇಸ್ ನಡುವೆ 415 ವೋಲ್ಟ್ ಬಂತು ಅಂದುಕೊಳ್ಳಿ.

1.732 × 415 × 12 ÷ 1000 = 8.6 ಕೆವಿಎ
6 ÷ 8.6 = ಸುಮಾರು 0.70

ವೋಲ್ಟೇಜ್ ಕಮ್ಮಿ ಇದ್ದರೆ 415ರ ಬದಲು ಅಳೆದಷ್ಟೇ ಹಾಕಿ.

ಪರಿಹಾರ ಏನು?

ಈ ಲೆಕ್ಕಕ್ಕೆ 4 ಕೆವಿಎಆರ್ ಕೆಪಾಸಿಟರ್ ಹಾಕಿದರೆ ಪಿಎಫ್ 0.94ಕ್ಕೆ ಏರುತ್ತದೆ. ಮೀಟರಿನಿಂದ ಬರುವ ಕರೆಂಟ್ 12ರಿಂದ ಸುಮಾರು 9 ಆಂಪ್ಸ್‌ಗೆ ಇಳಿಯುತ್ತದೆ. ಯೂನಿಟ್ ಹೆಚ್ಚೇನೂ ಕಮ್ಮಿ ಆಗಲ್ಲ. ಉಳಿಯೋದು ದಂಡದ ದುಡ್ಡು. ಕೆಪಾಸಿಟರ್ ಮೊದಲೇ ಇದ್ದರೂ ಕೆಟ್ಟಿರಬಹುದು, ಅದನ್ನೂ ಚೆಕ್ ಮಾಡಿಸಿ.

ಎಚ್ಚರ: ಸ್ವಿಚ್ ಆಫ್ ಆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು.