ತಪ್ಪಿನ ಭಯ ಮತ್ತು ಮಗುವಿನ ಆತ್ಮವಿಶ್ವಾಸ

ಆಂಧ್ರದ ಗಡಿಭಾಗದ ಶಾಲೆಯೊಂದರಲ್ಲಿ ತರಗತಿ ವೀಕ್ಷಣೆಗೆ ಕುಳಿತಿದ್ದೆ. ಮೂರನೆಯ ತರಗತಿಯ ಬಾಲಕಿಯೊಬ್ಬಳು ಪಾಠದ ಚಿತ್ರವನ್ನು ನೋಡಿ ಉತ್ಸಾಹದಿಂದ ‘ಅಕ್ಕ ಬಂತು’ ಎಂದಳು. ಮಕ್ಕಳು ನಕ್ಕರು, ಶಿಕ್ಷಕರೂ ನಕ್ಕರು. ಆ ನಗೆಯಲ್ಲಿ ದುರುದ್ದೇಶವೇನೂ ಇರಲಿಲ್ಲ. ಆದರೆ ಅವಧಿ ಮುಗಿಯುವವರೆಗೂ ಆ ಬಾಲಕಿ ಮತ್ತೆ ಬಾಯಿ ತೆರೆಯಲಿಲ್ಲ.

ಅವಳ ಮನೆಮಾತು ತೆಲುಗು. ತೆಲುಗಿನಲ್ಲಿ ಸ್ತ್ರೀಲಿಂಗ ಏಕವಚನಕ್ಕೂ ನಪುಂಸಕಲಿಂಗ ಏಕವಚನಕ್ಕೂ ಕ್ರಿಯಾಪದದ ರೂಪ ಒಂದೇ: ‘ಅಕ್ಕ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’. ತನಗೆ ತಿಳಿದ ನಿಯಮವನ್ನು ಅವಳು ಕನ್ನಡಕ್ಕೂ ಅನ್ವಯಿಸಿದ್ದಳು. ನಾವು ನಕ್ಕದ್ದು ಅವಳ ಆಲೋಚನೆಯನ್ನು ಕಂಡು.

ತಪ್ಪಿನ ಹಿಂದಿನ ನಿಯಮ

ಮಕ್ಕಳ ತಪ್ಪುಗಳಲ್ಲಿ ಬಹುಪಾಲು ಅಜಾಗರೂಕತೆಯಿಂದ ಹುಟ್ಟಿದವಲ್ಲ. ಮಲಯಾಳದಲ್ಲಿ ಕ್ರಿಯಾಪದವು ಲಿಂಗ, ವಚನಗಳಿಗೆ ಅನುಗುಣವಾಗಿ ಬದಲಾಗುವುದಿಲ್ಲ. ಆದ್ದರಿಂದ ಕಾಸರಗೋಡಿನ ಮಲಯಾಳ ಮನೆಮಾತಿನ ಮಗು ‘ಬಂದನು, ಬಂದಳು, ಬಂದಿತು’ಗಳ ನಡುವೆ ತಡವರಿಸಬಹುದು. ತಮಿಳು ಲಿಪಿಯಲ್ಲಿ ಕಕಾರ, ಗಕಾರಗಳಿಗೆ ಒಂದೇ ಅಕ್ಷರ. ಹೊಸೂರಿನ ಮಗು ಉಕ್ತಲೇಖನದಲ್ಲಿ ಅವುಗಳನ್ನು ಅದಲುಬದಲು ಮಾಡಿದರೆ ಕಾರಣ ಸ್ಪಷ್ಟ. ‘ಮಾಡಿದನು, ಓದಿದನು’ ಎಂಬುದನ್ನು ಕಲಿತ ಮಗು ‘ಕೊಡಿದನು’ ಎಂದಾಗ ಅದು ಕನ್ನಡದ ನಿಯಮವನ್ನೇ ಕಂಡುಕೊಂಡಿದೆ. ಅಪವಾದವನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ. ಕಲಿಯುವವನ ತಪ್ಪು ಕಲಿಕೆ ಎಲ್ಲಿಗೆ ಬಂದಿದೆಯೆಂಬುದನ್ನು ಶಿಕ್ಷಕನಿಗೆ ತೋರಿಸುತ್ತದೆ ಎಂದು ಭಾಷಾವಿಜ್ಞಾನಿ ಎಸ್. ಪಿಟ್ ಕಾರ್ಡರ್ 1967ರಲ್ಲಿಯೇ ಪ್ರತಿಪಾದಿಸಿದ್ದರು.

ಇನ್ನು ಕೆಲವು ತಪ್ಪುಗಳೇ ಅಲ್ಲ. ಜತ್ತ, ಅಕ್ಕಲಕೋಟೆಯ ಕಡೆಯ ಮಗು ‘ನಾ ಓದಾಕತ್ತೀನಿ’ ಎಂದರೆ ಅದು ಅವ್ವನಿಂದ ಬಂದ ಕನ್ನಡ. ‘ನಾನು ಓದುತ್ತಿದ್ದೇನೆ’ ಎಂಬುದು ಪುಸ್ತಕದ ರೂಪ. ಎರಡನೆಯದನ್ನು ಕಲಿಸಬೇಕು, ಅದಕ್ಕಾಗಿ ಮೊದಲನೆಯದನ್ನು ಹಳಿಯಬೇಕಾಗಿಲ್ಲ.

ಭಯ ಮಾಡುವ ಹಾನಿ

ನಗೆಗೆ ಗುರಿಯಾದ ಮಗು ಬಹುಬೇಗ ಒಂದು ಪಾಠ ಕಲಿಯುತ್ತದೆ: ಸುಮ್ಮನಿದ್ದರೆ ಸೋಲಿಲ್ಲ. ಬಳಿಕ ಅದು ಒಂದೇ ಪದದಲ್ಲಿ ಉತ್ತರಿಸುತ್ತದೆ, ಪಕ್ಕದವರನ್ನು ನೋಡಿ ಬರೆಯುತ್ತದೆ, ಗಟ್ಟಿವಾಚನದ ಸರದಿ ಬಂದಾಗ ತಲೆ ತಗ್ಗಿಸುತ್ತದೆ. ನಾವು ಅದನ್ನು ‘ಮಂದ’ವೆಂದು ಭಾವಿಸುತ್ತೇವೆ, ಪಾಲಕರು ‘ಕನ್ನಡ ಇದಕ್ಕೆ ಹತ್ತುವುದಿಲ್ಲ’ ಎಂದು ಬೇರೆ ಮಾಧ್ಯಮದ ಶಾಲೆಯನ್ನು ಹುಡುಕುತ್ತಾರೆ. ಒಂದೊಂದು ದಾಖಲಾತಿಯೂ ಮುಖ್ಯವಾಗಿರುವ ನಮ್ಮ ಶಾಲೆಗಳಿಗೆ ಇದು ಸಣ್ಣ ನಷ್ಟವಲ್ಲ.

ವಿಶ್ವಾಸದ ನಾಲ್ಕು ಮೂಲಗಳು

‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆಯೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದುದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ದೇಹ-ಮನಸ್ಸುಗಳ ನೆಮ್ಮದಿ. ಇವುಗಳಲ್ಲಿ ಮೊದಲನೆಯದೇ ಪ್ರಬಲವಾದುದು. ಆದ್ದರಿಂದ ‘ಹೆದರಬೇಡ’ ಎಂದು ಹತ್ತು ಸಲ ಹೇಳುವುದಕ್ಕಿಂತ ಒಂದು ಸಣ್ಣ, ನಿಜವಾದ ಗೆಲುವನ್ನು ಒದಗಿಸುವುದು ಮೇಲು. ಇದನ್ನು ತರಗತಿಯಲ್ಲಿ ಹೀಗೆ ಅಳವಡಿಸಿಕೊಳ್ಳಬಹುದು:

1. ಗಟ್ಟಿವಾಚನದ ಭಾಗವನ್ನು ಹಿಂದಿನ ದಿನವೇ ಗೊತ್ತುಪಡಿಸಿ. ಮೊದಲು ಜೊತೆಗಾರನಿಗೆ, ಬಳಿಕ ಗುಂಪಿಗೆ, ಕೊನೆಗೆ ತರಗತಿಗೆ ಓದಿಸಿ.

2. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡು ಕಾಯಿರಿ. ನಾವು ಸಾಮಾನ್ಯವಾಗಿ ಒಂದು ಸೆಕೆಂಡಿನಲ್ಲಿಯೇ ಇನ್ನೊಬ್ಬರ ಕಡೆಗೆ ತಿರುಗಿಬಿಡುತ್ತೇವೆ. ಮನೆಮಾತಿನಿಂದ ಕನ್ನಡಕ್ಕೆ ಬರುವ ಮಗುವಿಗೆ ಆ ಬಿಡುವು ಅತ್ಯಗತ್ಯ.

3. ಮಾತನ್ನು ತಡೆಯದೆ ಸರಿಯಾದ ರೂಪವನ್ನು ಕೇಳಿಸಿ. ‘ಅಕ್ಕ ಬಂತು’ ಎಂದಾಗ ‘ಹೌದು, ಅಕ್ಕ ಬಂದಳು. ಬಂದು ಏನು ಮಾಡಿದಳು?’ ಎಂದರೆ ತಿದ್ದುಪಡಿಯೂ ಆಯಿತು, ಸಂಭಾಷಣೆಯೂ ಮುಂದುವರಿಯಿತು.

4. ಬರವಣಿಗೆಯಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಿ. ಪುಟದ ತುಂಬ ಕೆಂಪು ಮಸಿಯಿದ್ದರೆ ಮಗು ಯಾವುದನ್ನೂ ಓದುವುದಿಲ್ಲ.

5. ‘ಭೇಷ್’ ಎನ್ನುವ ಬದಲು ‘ಇಂದು ಒತ್ತಕ್ಷರಗಳನ್ನೆಲ್ಲ ಸರಿಯಾಗಿ ಬರೆದಿದ್ದೀಯೆ’ ಎನ್ನಿ. ಕಾರಣವಿರುವ ಹೊಗಳಿಕೆಯನ್ನು ಮಗು ನಂಬುತ್ತದೆ.

6. ತಮ್ಮಂಥವರ ಉದಾಹರಣೆಗಳನ್ನು ತಿಳಿಸಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ಮೂವರೂ ಕನ್ನಡದ ದೊಡ್ಡ ಲೇಖಕರಾದರು.

ನೆಮ್ಮದಿಯ ವಾತಾವರಣವು ಶಿಕ್ಷಕರ ಔದಾರ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಶಿಕ್ಷಕರ ಭಯ

ಸೋಲಿನ ಭಯ ನಮಗೂ ಇದೆ. ರಾಜ್ಯಭಾಷೆಯಲ್ಲಿ ನಡೆಯುವ ಸಭೆಯಲ್ಲಿ ತಪ್ಪಾದೀತೆಂದು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆ ಮೌನವನ್ನು ಬಲ್ಲವರಿಗೆ ಮಗುವಿನ ಮೌನ ಅರ್ಥವಾಗಬೇಕು. ನೆರೆಭಾಷೆಯ ಒಂದು ಪದವನ್ನು ಮಕ್ಕಳಿಂದಲೇ ಕೇಳಿ ಕಲಿಯಿರಿ. ನಿಮ್ಮ ಉಚ್ಚಾರವನ್ನು ಅವರು ತಿದ್ದಲಿ. ತಪ್ಪಿದರೂ ಗೌರವ ಕುಂದುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಾಣುತ್ತಾರೆ.

ನಾಳೆ ಹಾಜರಿ ಪುಸ್ತಕವನ್ನು ಮುಚ್ಚುವ ಮುನ್ನ, ಈ ವಾರ ತರಗತಿಯಲ್ಲಿ ಒಂದು ಪೂರ್ಣ ವಾಕ್ಯವನ್ನೂ ಆಡದ ಮಕ್ಕಳ ಹೆಸರುಗಳನ್ನು ಗುರುತಿಸಿಕೊಳ್ಳಿ. ಮುಂದಿನ ವಾರದ ಪಾಠಯೋಜನೆ ಅವರಿಂದಲೇ ಆರಂಭವಾಗಲಿ.