ನೌಕರಿಯ ಬದಲಾವಣೆಯೂ ವೀಸಾ ವರ್ಗಗಳೂ

ಮೈಸೂರಿನ ಹೆಬ್ಬಾಳಿನಲ್ಲಿ ಇನ್ಫೋಸಿಸ್ ಸಂಸ್ಥೆಯ ತರಬೇತಿ ಕೇಂದ್ರವು ನೆಲೆಗೊಂಡ ಮೇಲೆ, ಗಣಕವಿದ್ಯೆಯನ್ನು ಕಲಿತು ಅಮೆರಿಕಕ್ಕೆ ತೆರಳುವುದು ಈ ಊರಿನಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ‘ವೀಸಾ ಆಯಿತು’ ಎಂಬ ಮಾತನ್ನು ಕೇಳಿದೊಡನೆಯೇ ನಾವು ತೃಪ್ತರಾಗುತ್ತೇವೆ; ಅದು ಯಾವ ವರ್ಗದ್ದೆಂದು ವಿಚಾರಿಸುವವರು ವಿರಳ. ಆದರೆ ಕೆಲಸವನ್ನು ಬದಲಾಯಿಸಬೇಕಾಗಿ ಬಂದಾಗ ಇಡೀ ಸಂಸಾರದ ಗತಿಯನ್ನು ನಿರ್ಧರಿಸುವುದು ಆ ವರ್ಗವೇ. ಆದುದರಿಂದ ವಿಷಯವನ್ನು ಇಲ್ಲಿ ಕೊಂಚ ಬಿಡಿಸಿ ಹೇಳಬಯಸುತ್ತೇವೆ.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ವೀಸಾ ಎಂಬುದು ಬಾಗಿಲಲ್ಲಿ ತೋರಿಸುವ ರಹದಾರಿ. ಒಳಹೊಕ್ಕ ಮೇಲೆ ಅಲ್ಲಿ ಇರುವುದಕ್ಕೂ ದುಡಿಯುವುದಕ್ಕೂ ಇರುವ ಹಕ್ಕು ಬೇರೆ; ಅದನ್ನು ‘ಅಂತಸ್ತು’ ಎನ್ನೋಣ. ದೇಶದೊಳಗಿದ್ದುಕೊಂಡೇ ಬದಲಾಯಿಸಿಕೊಳ್ಳಬಹುದಾದದ್ದು ಈ ಎರಡನೆಯದು.

ಎಲ್-1 ವರ್ಗವು 1970ರ ಶಾಸನದಿಂದ ಹುಟ್ಟಿತು. ಹೊರದೇಶದಲ್ಲಿ ಒಂದು ಸಂಸ್ಥೆಯಲ್ಲಿ ಕನಿಷ್ಠ ಒಂದು ವರ್ಷ ದುಡಿದವನನ್ನು ಅದೇ ಸಂಸ್ಥೆಯು ತನ್ನ ಅಮೆರಿಕದ ಶಾಖೆಗೆ ವರ್ಗಾಯಿಸಿಕೊಳ್ಳುವುದೇ ಅದರ ತಿರುಳು. ಇದಕ್ಕೆ ವಾರ್ಷಿಕ ಮಿತಿಯಿಲ್ಲ. ಎಚ್-1ಬಿ ವರ್ಗವು ಈಗಿನ ರೂಪವನ್ನು ಪಡೆದದ್ದು 1990ರಲ್ಲಿ. ಇದಕ್ಕೆ ವರ್ಷಕ್ಕೆ 65,000ದ ಮಿತಿಯುಂಟು. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಗಳು ಮಿತಿಮೀರಿದಾಗ ಚೀಟಿ ಎತ್ತಿ ಆರಿಸುತ್ತಾರೆ.

ಎಚ್-1ಬಿ ಪಡೆದವನು ಸಂಸ್ಥೆಯನ್ನು ಬದಲಾಯಿಸುವುದು ಅಷ್ಟೇನೂ ಕಷ್ಟವಲ್ಲ. 2000ದ ಶಾಸನದಂತೆ, ಹೊಸ ಸಂಸ್ಥೆಯು ಕ್ರಮವಾಗಿ ಅರ್ಜಿ ಸಲ್ಲಿಸಿದೊಡನೆಯೇ, ತೀರ್ಮಾನಕ್ಕೆ ಕಾಯದೆ, ಅವನು ಅಲ್ಲಿ ಕೆಲಸ ಮಾಡತೊಡಗಬಹುದು. ಎಲ್-1ರವನಿಗೆ ಈ ಸೌಕರ್ಯವಿಲ್ಲ. ಕಳುಹಿಸಿದ ಸಂಸ್ಥೆಯ ಬಳಗದಾಚೆಗೆ ಅವನ ಅಂತಸ್ತಿಗೆ ಬೆಲೆಯೇ ಇಲ್ಲ. ಹೊಸ ಸಂಸ್ಥೆಯು ಅವನ ಹೆಸರನ್ನು ಮಾರ್ಚಿಯಲ್ಲಿ ಎಚ್-1ಬಿಗೆ ನೋಂದಾಯಿಸಬೇಕು, ಚೀಟಿಯಲ್ಲಿ ಹೆಸರು ಬರಬೇಕು, ಅರ್ಜಿ ಮಂಜೂರಾಗಬೇಕು. ಇಷ್ಟಾದರೂ ಕೆಲಸ ಆರಂಭವಾಗುವುದು ಅಕ್ಟೋಬರ್ 1ರಂದು. ಅವನು ನವೆಂಬರಿನಲ್ಲಿ ಕೆಲಸ ಕಳೆದುಕೊಂಡನೆನ್ನೋಣ. 2017ರಿಂದ ಜಾರಿಗೆ ಬಂದ ನಿಯಮವು ಕೊಡುವ ಅವಧಿ ಹೆಚ್ಚೆಂದರೆ 60 ದಿನ. ಜನವರಿಯಲ್ಲಿ ಮುಗಿಯುವ ಗಡುವಿಗೂ ಅಕ್ಟೋಬರಿಗೂ ನಡುವಣ ಕಂದಕವನ್ನು ಪ್ರತಿಭೆಯಿಂದ ದಾಟಲಾಗದು. ಹಿಂದೆಂದಾದರೂ ಎಚ್-1ಬಿ ಮಿತಿಯೊಳಗೆ ಎಣಿಕೆಯಾಗಿ, ಅದರ ಕಾಲ ಉಳಿದಿದ್ದರೆ ಚೀಟಿಯ ಹಂಗಿಲ್ಲ.

ಕಾಲದ ಲೆಕ್ಕವೂ ಹೊಸದಾಗಿ ಆರಂಭವಾಗುವುದಿಲ್ಲ. ಎಚ್-1ಬಿಯ ಆರು ವರ್ಷಗಳಲ್ಲಿ ಎಲ್ ವರ್ಗದಲ್ಲಿ ಕಳೆದ ವರ್ಷಗಳೂ ಸೇರುತ್ತವೆ. ವಿಶೇಷಜ್ಞನಾಗಿ ಎಲ್-1ಬಿಯಲ್ಲಿ ಐದು ವರ್ಷವನ್ನೂ ಪೂರೈಸಿದವನಿಗೆ ಸಾಮಾನ್ಯವಾಗಿ ಉಳಿಯುವುದು ಒಂದೇ ವರ್ಷ.

ಇನ್ನು ಹೆಂಡತಿಯ ಮಾತು. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದದ್ದು. ಆದರೂ ಇದನ್ನು ಕಡೆಗೆ ಯೋಚಿಸುವುದೇ ವಾಡಿಕೆ. ಎಲ್-1ರವನ ಪತ್ನಿಗೆ ದುಡಿಯುವ ಹಕ್ಕುಂಟು. 2021ರ ನವೆಂಬರಿನಿಂದೀಚೆಗೆ ಪ್ರತ್ಯೇಕ ಪರವಾನಗಿಯೂ ಬೇಕಿಲ್ಲ. ಪತಿಯು ಎಚ್-1ಬಿಗೆ ದಾಟಿದರೆ ಅವಳು ಎಚ್-4 ಆಗುತ್ತಾಳೆ. 2015ರ ನಿಯಮದಂತೆ, ಪತಿಯ ಸ್ಥಿರನಿವಾಸದ ವ್ಯವಹಾರವು ಗೊತ್ತಾದ ಒಂದು ಹಂತವನ್ನು ಮುಟ್ಟಿದ್ದ ಹೊರತು ಎಚ್-4ರವಳು ಸಂಬಳಕ್ಕೆ ದುಡಿಯುವಂತಿಲ್ಲ. ಗಂಡನ ಬಡ್ತಿಯನ್ನು ಹೆಂಡತಿಯ ನೌಕರಿಯಿಂದ ಕಳೆದು ಲೆಕ್ಕಹಾಕಬೇಕಾಗುತ್ತದೆ.

ವರ್ಗ ಬದಲಾವಣೆಯ ಅರ್ಜಿ ವಿಚಾರಣೆಯಲ್ಲಿರುವಾಗ ದೇಶವನ್ನು ಬಿಟ್ಟರೆ, ಬದಲಾವಣೆಯ ಕೋರಿಕೆಯನ್ನು ಕೈಬಿಟ್ಟಂತೆ ಎಣಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊರಟ ಘೋಷಣೆಯು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳ ಹೊರೆಯನ್ನು ವಿಧಿಸಿತು. ದೇಶದೊಳಗೇ ಅಂತಸ್ತನ್ನು ಬದಲಿಸಿಕೊಳ್ಳುವವರಿಗೆ ಅದು ತಗಲದೆಂದು ಅಕ್ಟೋಬರಿನಲ್ಲಿ ವಿವರಣೆ ಬಂದಿತು. ಆದರೆ ತೀರ್ಮಾನಕ್ಕೆ ಮೊದಲೇ ದೇಶ ಬಿಟ್ಟವರಿಗೆ ಆ ವಿನಾಯಿತಿಯಿಲ್ಲ. ಮಂಜೂರಾದ ಮೇಲೆ ಊರಿಗೆ ಬಂದವನಿಗೂ ಪಾಸ್‌ಪೋರ್ಟಿನಲ್ಲಿರುವ ಹಳೆಯ ಎಲ್ ಮುದ್ರೆ ಮರಳಲು ಸಲ್ಲದು. ಚೆನ್ನೈಗೋ ಹೈದರಾಬಾದಿಗೋ ಹೋಗಿ ಹೊಸ ಮುದ್ರೆಯನ್ನು ಪಡೆಯಬೇಕು. ತಂಗಿಯ ಮದುವೆಗೆ ಬರಲಾಗದೆ ಉಳಿದ ಮಗನನ್ನು ಕಲ್ಲೆದೆಯವನೆಂದು ಆಡಿಕೊಳ್ಳುವ ಮೊದಲು ಬಂಧುಗಳು ಅವನ ಅರ್ಜಿಯು ಯಾವ ಹಂತದಲ್ಲಿದೆಯೆಂದು ಕೇಳುವುದು ಲೇಸು.